25, 465, 587: ಮೇಲ್ ಕಳಿಸೋಕೆ ಯಾವ ಪೋರ್ಟ್?

ಪ್ರಶ್ನೆ:
ಕ್ಲೌಡ್ ಸರ್ವರ್‌ನಲ್ಲಿರುವ ಆ್ಯಪ್‌ನಿಂದ ಮೇಲ್ ಹೋಗ್ತಿಲ್ಲ. 25 ಹಾಕಿದರೆ ಟೈಮ್‌ಔಟ್. 587ರಲ್ಲಿ ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್) ಆನ್ ಮಾಡಿದರೆ ‘ರಾಂಗ್ ವರ್ಷನ್ ನಂಬರ್’. 465ರಲ್ಲಿ ಎಸ್‌ಎಸ್‌ಎಲ್ ಆಫ್ ಇಟ್ಟರೆ ಎರರ್ ಕೂಡ ಇಲ್ಲ, ಸುಮ್ಮನೆ ನಿಂತುಬಿಡುತ್ತೆ. ಫೈರ್‌ವಾಲ್‌ನಲ್ಲಿ ಮೂರಕ್ಕೂ ಇನ್‌ಬೌಂಡ್ (ಒಳಬರುವ) ರೂಲ್ ಹಾಕಿದ್ದೇನೆ.

ಉತ್ತರ 1:
ಮೂರೂ ಬೇರೆ ಬೇರೆ ತೊಂದರೆಗಳು. 25 ಇರೋದು ಮೇಲ್ ಸರ್ವರ್‌ಗಳು ಪರಸ್ಪರ ಮೇಲ್ ದಾಟಿಸಿಕೊಳ್ಳೋಕೆ. ಸ್ಪ್ಯಾಮ್ ಕಾಟಕ್ಕೆ ಬಹಳಷ್ಟು ಕ್ಲೌಡ್ ಕಂಪನಿಗಳು ಹೊರಹೋಗುವ 25 ಅನ್ನು ತಮ್ಮ ಕಡೆಯೇ ಬಂದ್ ಮಾಡಿರುತ್ತವೆ. ಅದರ ಆಸೆ ಬಿಡಿ.

587ರಲ್ಲಿ ಮಾತು ಶುರುವಾಗೋದು ಎನ್‌ಕ್ರಿಪ್ಷನ್ ಇಲ್ಲದೆ. ಸರ್ವರ್ 220 (‘ನಾನು ಸಿದ್ಧ’ ಅನ್ನೋ ಕೋಡ್) ಅನ್ನುತ್ತೆ, ಕ್ಲೈಂಟ್ ಅಂದರೆ ನಿಮ್ಮ ಆ್ಯಪ್ ಇಎಚ್‌ಎಲ್‌ಒ (‘ಹಲೋ’) ಕಳಿಸುತ್ತೆ, ಸ್ಟಾರ್ಟ್‌ಟಿಎಲ್‌ಎಸ್ (‘ಎನ್‌ಕ್ರಿಪ್ಷನ್ ಶುರು ಮಾಡೋಣ’) ಅಂದಮೇಲಷ್ಟೇ ಟಿಎಲ್‌ಎಸ್, ಅಂದರೆ ಎಸ್‌ಎಸ್‌ಎಲ್‌ನ ಹೊಸ ರೂಪ. ನಿಮ್ಮ ಲೈಬ್ರರಿ ಮೊದಲೇ ಟಿಎಲ್‌ಎಸ್ ನಿರೀಕ್ಷಿಸಿ, ಆ 220 ಸಾಲನ್ನೇ ಟಿಎಲ್‌ಎಸ್ ರೆಕಾರ್ಡ್ ಅಂತ ಓದಿದೆ. ವರ್ಷನ್ ನಂಬರ್ ತಪ್ಪು ಅನ್ನೋದು ಅದಕ್ಕೇ.

465ರಲ್ಲಿ ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್. ಎಸ್‌ಎಸ್‌ಎಲ್ ಆಫ್ ಇದ್ದರೆ ಆ್ಯಪ್ 220ಕ್ಕೆ ಕಾಯುತ್ತೆ, ಸರ್ವರ್ ಟಿಎಲ್‌ಎಸ್ ಹಲೋಗೆ ಕಾಯುತ್ತೆ. ನೀ ಮೊದಲು, ನೀ ಮೊದಲು ಅಂತ ಇಬ್ಬರೂ ಕೂತಿರುತ್ತಾರೆ.

ಪೈಥಾನ್‌ನಲ್ಲಾದರೆ 465ಕ್ಕೆ ಎಸ್‌ಎಂಟಿಪಿ-ಎಸ್‌ಎಸ್‌ಎಲ್ ಕ್ಲಾಸ್ (ಎಸ್‌ಎಂಟಿಪಿ ಅಂದರೆ ಮೇಲ್ ಕಳಿಸುವ ಪ್ರೋಟೋಕಾಲ್). 587ಕ್ಕೆ ಬರೀ ಎಸ್‌ಎಂಟಿಪಿ ಕ್ಲಾಸ್, ಲಾಗಿನ್‌ಗೆ ಮೊದಲು ಸ್ಟಾರ್ಟ್‌ಟಿಎಲ್‌ಎಸ್ ಕಾಲ್. ನೋಡ್‌ಮೇಲರ್‌ನಲ್ಲಿ (ನೋಡ್‌ಜೆಎಸ್‌ನ ಮೇಲ್ ಲೈಬ್ರರಿ) ‘ಸೆಕ್ಯೂರ್’ 465ಕ್ಕೆ ಟ್ರೂ, 587ಕ್ಕೆ ಫಾಲ್ಸ್. ಹೆಸರು ನೋಡಿ ಗಾಬರಿ ಬೇಡ. ಫಾಲ್ಸ್ ಅಂದರೂ ಸರ್ವರ್ ಸ್ಟಾರ್ಟ್‌ಟಿಎಲ್‌ಎಸ್ ಕೊಟ್ಟರೆ ಬಳಸುತ್ತೆ.

ಉತ್ತರ 2:
ಕೊಟ್ಟರೆ ಬಳಸುತ್ತೆ ಅನ್ನೋದರಲ್ಲೇ ಅಪಾಯ ಇದೆ. ನಡುವೆ ಕೂತವನು ಸ್ಟಾರ್ಟ್‌ಟಿಎಲ್‌ಎಸ್ ಸಾಲನ್ನೇ ಅಳಿಸಿದರೆ ಪಾಸ್‌ವರ್ಡ್ ಬಯಲಲ್ಲೇ ಹೋಗಬಹುದು. ನೋಡ್‌ಮೇಲರ್‌ನ ‘ರಿಕ್ವೈರ್ ಟಿಎಲ್‌ಎಸ್’ ಆನ್ ಮಾಡಿ, ಇಲ್ಲವೇ 465 ಬಳಸಿ. 465 ಹಳತಾಯ್ತು ಅನ್ನೋ ಪುಟಗಳು ಇನ್ನೂ ಸಿಗುತ್ತವೆ. ಆದರೆ 2018ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 8314 ಈ 465ಕ್ಕೇ ಆದ್ಯತೆ ಕೊಟ್ಟಿದೆ.

ಉತ್ತರ 3:
ಆ ಇನ್‌ಬೌಂಡ್ ರೂಲ್‌ಗಳನ್ನು ಮೊದಲು ತೆಗೆಯಿರಿ. ಮೇಲ್ ಕಳಿಸೋಕೆ ಬೇಕಾದ್ದು ಔಟ್‌ಬೌಂಡ್ (ಹೊರಹೋಗುವ) ಮಾತ್ರ. ಆಮೇಲೆ ನೆಟ್‌ಕ್ಯಾಟ್ ಎಂಬ ಕಮಾಂಡ್‌ನಿಂದ ಮೇಲ್ ಸರ್ವರ್‌ನ 587ಕ್ಕೆ ಕನೆಕ್ಟ್ ಮಾಡಿ. 220 ಕಂಡರೆ ದಾರಿ ಸರಿಯಿದೆ. ‘ರೆಫ್ಯೂಸ್ಡ್’ ಬಂದರೆ ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ ಯಾರೂ ಕೇಳ್ತಿಲ್ಲ ಅಂತ. ಟೈಮ್‌ಔಟ್ ಆದರೆ ಯಾವುದೋ ಫೈರ್‌ವಾಲ್ ಪ್ಯಾಕೆಟ್ ನುಂಗಿರುತ್ತೆ. 465ಕ್ಕೆ ನೆಟ್‌ಕ್ಯಾಟ್ ಸಾಲದು, ಟಿಎಲ್‌ಎಸ್ ಮಾತಾಡಬಲ್ಲ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಬೇಕು.

ಪ್ರಶ್ನೆ ಕೇಳಿದವರು:
465, ಎಸ್‌ಎಸ್‌ಎಲ್ ಆನ್: ಮೇಲ್ ಹೋಯ್ತು. ಇನ್‌ಬೌಂಡ್ ಮೂರೂ ತೆಗೆದೆ.