ಕುವೈತ್‌ನಲ್ಲಿ ಅಮ್ಮ, ಸಿದ್ದಾಪುರದಲ್ಲಿ ಮಗು: ವಕೀಲರನ್ನು ಕೇಳಿ

ವಕೀಲರು (ಮಡಿಕೇರಿ): ಈ ವಾರ ನಮ್ಮ ಗ್ರೂಪಿನಲ್ಲಿ, ಹೆತ್ತವರು ಒಂದು ದೇಶದಲ್ಲಿ, ಮಗು ಇನ್ನೊಂದು ದೇಶದಲ್ಲಿ ಇರುವ ಮನೆಯವರು ಕೇಳಿ. ಮಗುವಿನ ಹೆಸರು, ಫೋಟೊ ಹಾಕಬೇಡಿ.

ಸುಂಟಿಕೊಪ್ಪದ ಸದಸ್ಯೆ: ಮೇಡಂ, ಗಂಡ ದುಬೈನಲ್ಲಿದ್ದಾರೆ, ಮಾತುಕತೆ ನಿಂತಿದೆ. ಮಗಳ ಪಾಸ್‌ಪೋರ್ಟ್‌ಗೆ ಅವರ ಸಹಿ ಬೇಕೇ ಬೇಕಾ?

ವಕೀಲರು: ಪಾಸ್‌ಪೋರ್ಟ್ ಅರ್ಜಿ ಜೊತೆ ಕೊಡುವ ಘೋಷಣಾ ಪತ್ರಕ್ಕೆ ಅನೆಕ್ಸರ್ ಅಂತಾರೆ. ಇಬ್ಬರೂ ಒಪ್ಪಿದರೆ ಅನೆಕ್ಸರ್ ಡಿ. ಒಬ್ಬರ ಸಹಿ ಸಿಗದಿದ್ದರೆ ಅನೆಕ್ಸರ್ ಸಿ. ಯಾಕೆ ಸಿಗಲಿಲ್ಲ ಅಂತ ನಿಜ ಬರೆಯಿರಿ. ಅವರ ಸಹಿಯನ್ನು ನೀವೇ ಹಾಕಬೇಡಿ.

ಮೂರ್ನಾಡಿನ ಸದಸ್ಯ: ನನಗೆ ಬಂದ ಮೆಸೇಜ್: "ಭಾರತ ಹೇಗ್ ಒಪ್ಪಂದಕ್ಕೆ ಸೇರಿಲ್ಲ. ಮಗುವನ್ನು ಊರಿಗೆ ಕರೆತಂದುಬಿಡಿ, ವಿದೇಶಿ ಕೋರ್ಟು ಏನೂ ಮಾಡಲಾಗದು. ಎಲ್ಲರಿಗೂ ಕಳಿಸಿ." ತಂಗಿ ಅಮೆರಿಕದಲ್ಲಿ ಕಷ್ಟದಲ್ಲಿದ್ದಾಳೆ. ಹೀಗೆ ಮಾಡಬಹುದಾ?

ವಕೀಲರು: ಮೊದಲ ಸಾಲು ಮಾತ್ರ ಸರಿ. ಹೆತ್ತವರಲ್ಲಿ ಒಬ್ಬರು ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸುವ ಬಗ್ಗೆ ಇರುವ 1980ರ ಆ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದರೆ ಇನ್ನೊಬ್ಬರ ಹಕ್ಕು ತಪ್ಪಿಸಲು ಮಗುವನ್ನು ದೇಶದಿಂದ ಹೊರಗೆ ಒಯ್ಯುವುದು ಅಮೆರಿಕದಲ್ಲಿ 1993ರಿಂದ ಅಪರಾಧ. ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಮಗುವಿನ ಹಿತವೇ ಮುಖ್ಯ, ವಿದೇಶಿ ಆದೇಶ ಅದರ ಜೊತೆ ನೋಡುವ ಒಂದು ಅಂಶ ಎಂದಿತು. 2019 ಮತ್ತು 2020ರಲ್ಲಿ ಅದೇ ಕೋರ್ಟು ಮಕ್ಕಳು ಅಮೆರಿಕಕ್ಕೆ ವಾಪಸ್ ಹೋಗಬೇಕು ಎಂದೂ ಹೇಳಿದೆ. ತಂಗಿಗೆ ಹೊಡೆತ ಬಡಿತ ಇದ್ದರೆ ಮೊದಲು ಅಲ್ಲೇ ರಕ್ಷಣಾ ಆದೇಶ ಪಡೆಯಲಿ, ಅಲ್ಲಿನ ವಕೀಲರನ್ನು ಕಾಣಲಿ. ಈ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಸಿದ್ದಾಪುರದ ಸದಸ್ಯೆ: ಅಕ್ಕ, ಇದು ನಮ್ಮ ಪಕ್ಕದ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಅಜ್ಜಿಯ ವಿಷಯ. ಮಗಳು ಮನೆಕೆಲಸಕ್ಕೆ ಅಂತ ಕುವೈತ್‌ಗೆ ಹೋಗಿದ್ದಾಳೆ. ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸಿದ್ದು. ಈಗ ಫೋನೇ ಇಲ್ಲ. ಏಳು ವರ್ಷದ ಮೊಮ್ಮಗಳು ಅಜ್ಜಿ ಹತ್ತಿರ. ಏಜೆಂಟ್ ಬಂದು, ಮಗುವನ್ನು ಅಮ್ಮನ ಹತ್ತಿರ ಕರೆದುಕೊಂಡು ಹೋಗ್ತೀನಿ, ಆಧಾರ್ ಮತ್ತು ಜನನ ಪ್ರಮಾಣಪತ್ರ ಕೊಡಿ ಅಂತಿದ್ದಾನೆ. ಕೊಡಬಹುದಾ?

ವಕೀಲರು: ಕೊಡಬೇಡಿ. ಪ್ರತಿಯನ್ನೂ ಕೊಡಬೇಡಿ. ಕೊಟ್ಟಿದ್ದರೆ ಈಗಲೇ ಹೇಳಿ.

ನನಗೆ ಇದು ತುಂಬಾ ಆತಂಕದ ವಿಷಯ. ಇಸಿಆರ್ ಪಾಸ್‌ಪೋರ್ಟ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದದ್ದು) ಇರುವ, 30 ತುಂಬದ ಹೆಣ್ಣುಮಕ್ಕಳನ್ನು ಕುವೈತ್‌ನಂಥ ದೇಶಗಳಿಗೆ ಮನೆಕೆಲಸಕ್ಕೆ ಕಳಿಸಲು ಸರ್ಕಾರ ಅನುಮತಿ ಕೊಡುವುದಿಲ್ಲ. ಅದಕ್ಕೇ ಕೆಲವರು ವಿಸಿಟ್ ವೀಸಾ ದಾರಿ ಹಿಡಿಯುತ್ತಾರೆ. ಹಾಗೆ ಹೋದವಳ ಹೆಸರು ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಸರ್ಕಾರಿ ಪೋರ್ಟಲ್ ಇ-ಮೈಗ್ರೇಟ್‌ನಲ್ಲಿ ಇರುವುದಿಲ್ಲ. ಅವಳು ಮನೆ ಬಿಟ್ಟು ಓಡಿದರೆ ಮಾಲೀಕ 'ಪರಾರಿ' ಅಂತ ದೂರು ಕೊಡಬಹುದು. ಆಗ ದೂರು ಕೊಡಬೇಕಾದವಳೇ ಅಲ್ಲಿ ತಪ್ಪಿತಸ್ಥೆಯಾಗಿ ನಿಲ್ಲುತ್ತಾಳೆ. ಅಂಥ ಅಮ್ಮನ ಮಗು ಏಜೆಂಟ್ ಕೈಗೆ ಸಿಕ್ಕರೆ, ಅವಳು ಮತ್ತೆ ಬಾಯಿ ಬಿಡಲ್ಲ. ಮಗುವನ್ನು ತೋರಿಸಿಯೇ ಬಾಯಿ ಮುಚ್ಚಿಸಬಹುದು.

ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ. ಅವರು ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಕೊಡುತ್ತಾರೆ. ಅಜ್ಜಿ ಹೆದರುವುದು ಬೇಡ. ನೋಡಿಕೊಳ್ಳುವ ಅಜ್ಜಿ ಇದ್ದಾಗ ಮಗುವನ್ನು ಸುಮ್ನೆ ಕಿತ್ತುಕೊಂಡು ಹೋಗಲ್ಲ. ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ನೆರವೂ ಇದೆ, ಅದನ್ನೂ ಕೇಳಿ. ಅಮ್ಮನಿಗಾಗಿ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಿ. ಪಾಸ್‌ಪೋರ್ಟ್ ನಂಬರ್, ಕೊನೆಯ ಫೋನ್ ಬಂದ ದಿನ, ಮಾಲೀಕನ ನಂಬರ್, ಏಜೆಂಟ್‌ಗೆ ಹಣ ಕೊಟ್ಟ ದಾಖಲೆ, ಸಿಕ್ಕಿದ್ದೆಲ್ಲ ಸೇರಿಸಿ. ಬೆಂಗಳೂರಿನ ವಲಸೆಗಾರರ ಸಂರಕ್ಷಣಾಧಿಕಾರಿಗೂ ಒಂದು ಪ್ರತಿ. ಏಜೆಂಟ್ ಮೆಸೇಜ್‌ಗಳನ್ನು ಅಳಿಸಬೇಡಿ.

ಶನಿವಾರಸಂತೆಯ ಸದಸ್ಯ: ಏಳು ವರ್ಷದ ಮಗು ಬಿಟ್ಟು ಹೋಗೋ ಅಮ್ಮ ಎಂಥ ಅಮ್ಮ?

ನಾಪೋಕ್ಲಿನ ಸದಸ್ಯೆ: ಸಾಲ ತೀರಿಸಲು ಹೋದವಳು. ತೋಟದ ಕೂಲಿಯಲ್ಲಿ ನೀವು ತೀರಿಸ್ತೀರಾ? ಗಂಡಸು ಗಲ್ಫ್‌ಗೆ ಹೋದರೆ ಮನೆಗೆ ಆಧಾರ ಅಂತೀರಿ, ಹೆಂಗಸು ಹೋದರೆ ಮಗು ಬಿಟ್ಟವಳು ಅಂತೀರಿ.

ಶನಿವಾರಸಂತೆಯ ಸದಸ್ಯ: ನಾನು ಮಗುವಿನ ಪರವಾಗಿ ಹೇಳಿದೆ.

ನಾಪೋಕ್ಲಿನ ಸದಸ್ಯೆ: ಹಾಗಿದ್ದರೆ ಆ ಅಜ್ಜಿ ಮನೆಗೆ ಹೋಗಿ ಏನು ಬೇಕು ಅಂತ ಕೇಳಿ. ಇಲ್ಲಿ ಕೂತು ತೀರ್ಪು ಕೊಡಬೇಡಿ.

ಕುಶಾಲನಗರದ ಸದಸ್ಯ: ಮಗುವಿನ ಫೋಟೊ ಹಾಕಿ, ಎಲ್ಲ ಗ್ರೂಪಿಗೂ ಕಳಿಸೋಣ. ಒಂದೇ ದಿನದಲ್ಲಿ ಅಮ್ಮ ಸಿಗ್ತಾಳೆ.

ವಕೀಲರು: ಬೇಡ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ತಪ್ಪು. ಮಗು ಯಾವ ಮನೆಯಲ್ಲಿದೆ ಅಂತ ಊರಿಗೆಲ್ಲ ತಿಳಿಸುವ ಕೆಲಸವನ್ನು ನೀವೇ ಮಾಡಬೇಕಾ?

ಪೊನ್ನಂಪೇಟೆಯ ಸದಸ್ಯ: ನಮ್ಮ ತೋಟದ ನೇಪಾಳದ ದಂಪತಿ ಮಗನನ್ನು ಇಲ್ಲೇ ಬಿಟ್ಟು ಊರಿಗೆ ಹೋದವರು ಬಂದಿಲ್ಲ. ಶಾಲೆಯಲ್ಲಿ ದಾಖಲೆ ಕೇಳ್ತಿದ್ದಾರೆ. ಏನು ಮಾಡೋದು?

ವಿರಾಜಪೇಟೆಯ ಸದಸ್ಯೆ: ಮಗ ಹುಟ್ಟಿದ್ದು ಕುವೈತ್‌ನಲ್ಲಿ. ಇಲ್ಲಿ ಏನಾದರೂ ಮಾಡಿಸಬೇಕಾ?

ವಕೀಲರು: ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹುಟ್ಟಿದ ಒಂದು ವರ್ಷದೊಳಗೆ ನೋಂದಣಿ ಆಗಬೇಕು. ತಡವಾಗಿದ್ದರೆ ಕೇಂದ್ರದ ಅನುಮತಿ ಬೇಕು.

ಸೋಮವಾರಪೇಟೆಯ ಸದಸ್ಯ: ಮೇಡಂ, ಮಗುವಿನ ಪಾಸ್‌ಪೋರ್ಟ್‌ಗೆ ಹೆಂಡತಿ ಸಹಿ ಬೇಕಾ?

ವಕೀಲರು: ಮೇಲೆ ಓದಿ.

ಸೋಮವಾರಪೇಟೆಯ ಸದಸ್ಯ: ಮೇಲೆ ಎಲ್ಲಿ? ಒಂದು ಸಾಲು ಹೇಳಿದರೆ ಏನಾಗುತ್ತೆ?

ವಕೀಲರು: ಸಹಿ ಸಿಗದಿದ್ದರೆ ಅನೆಕ್ಸರ್ ಸಿ.

ಮೂರ್ನಾಡಿನ ಸದಸ್ಯ: ಇನ್ನೊಂದು ಆಡಿಯೊ ಬಂದಿದೆ. ಒಂದು ಲಕ್ಷ ಕೊಟ್ಟರೆ ಮಾಲೀಕ ಪಾಸ್‌ಪೋರ್ಟ್ ಬಿಡ್ತಾನಂತೆ.

ವಕೀಲರು: ಅಳಿಸಿ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಮಾಲೀಕನಿಗಿಲ್ಲ. ಕುವೈತ್‌ನ 2015ರ ಮನೆಕೆಲಸದವರ ಕಾನೂನಿನಲ್ಲೇ ಅದು ನಿಷಿದ್ಧ. ಯಾರಿಗೂ ದುಡ್ಡು ಕಳಿಸಬೇಡಿ. ಇಂಥದ್ದನ್ನು ಇನ್ನು ಹಾಕಿದರೆ ಗ್ರೂಪಿನಿಂದ ತೆಗೆಯುತ್ತೇನೆ.

ಸಿದ್ದಾಪುರದ ಸದಸ್ಯೆ: ಅಕ್ಕ, ಆಧಾರ್ ಪ್ರತಿ ಅಜ್ಜಿ ಮೊನ್ನೆಯೇ ಕೊಟ್ಟಿದ್ದಾರಂತೆ. ಜನನ ಪ್ರಮಾಣಪತ್ರ ಕೊಟ್ಟಿಲ್ಲ. 1098ಕ್ಕೆ ಹೇಳಿದ್ದೀವಿ, ನಾಳೆ ಬರ್ತಾರಂತೆ. ಏಜೆಂಟ್ ಇವತ್ತು ಸಂಜೆ ಬರ್ತೀನಿ ಅಂದಿದ್ದಾನೆ.

ವಕೀಲರು: ಹಾಗಾದರೆ ಈಗಲೇ ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ, ಆಧಾರ್ ಪ್ರತಿ ಅವನ ಕೈ ಸೇರಿದ್ದನ್ನೂ ಹೇಳಿ. ಶಾಲೆ ಬಿಡುವ ಮೊದಲೇ ಹೋಗಿ ಮಗುವನ್ನು ಕರೆತನ್ನಿ. ಅಜ್ಜಿ, ಮಗು ಇಬ್ಬರೂ ನಿಮ್ಮ ಮನೆಯಲ್ಲಿರಲಿ. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೇನೆ, ಈಗಲೇ ಮಾಡಿ. ಉಳಿದವರು ಇವತ್ತು ಇಲ್ಲಿ ಏನೂ ಹಾಕಬೇಡಿ.