ದೋಣಿಯಿಂದ ಗಾಳ, ಇದೇ ಮೊದಲು: ದೋಣಿ ನಿಲ್ಲಿಸೋದು ಹೇಗೆ, ಎಷ್ಟು ಆಳಕ್ಕೆ ಬಿಡಬೇಕು?

ಹೊಸಗಾಳ:
ದಡದಲ್ಲಿ ಕೂತು ಗಾಳ ಹಾಕೋದು ಗೊತ್ತು, ದೋಣಿಯಿಂದ ಇನ್ನೂ ಹಾಕಿಲ್ಲ. ಸಿಗೋದು 12 ಅಡಿಯ ಚಪ್ಪಟೆ ತಳದ ದೋಣಿ, ಹುಟ್ಟು ಹಾಕಿ ಹೋಗಬೇಕು, ಮೋಟಾರ್ ಇಲ್ಲ. ಇಬ್ಬರು ಹೋಗ್ತೀವಿ. ಸರೋವರ ಅಂಚಿನಲ್ಲಿ 2-3 ಮೀಟರ್, ನಡುವೆ 10 ಮೀಟರಿಗೂ ಹೆಚ್ಚು ಆಳ ಇದೆ. 7 ಅಡಿಯ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್, 0.28 ಮಿ.ಮೀ. ನೈಲಾನ್ ದಾರ ಇದೆ (ಡಬ್ಬಿ ಮೇಲೆ 5 ಕೆ.ಜಿ. ಅಂತ ಬರೆದಿದೆ). ಎರೆಹುಳು ಹಾಕೋಣ ಅಂತಿದೀನಿ.

ಲಂಗರು ಎಷ್ಟು ಭಾರದ್ದು ಬೇಕು, ಹಗ್ಗ ಎಷ್ಟು ಉದ್ದ? 4-5 ಮೀಟರ್ ಆಳಕ್ಕೆ ಬೆಂಡು ಕಟ್ಟೋದು ಹೇಗೆ, ರಾಡ್ ಇರೋದೇ 2 ಮೀಟರ್ ಚಿಲ್ಲರೆ. ಆಳ ಜಾಸ್ತಿ ಇದ್ದಷ್ಟೂ ದೊಡ್ಡ ಮೀನು ಅನ್ನೋದು ನಿಜವೇ?

ಹುಟ್ಟುಗೋಲು:
ನಿಮ್ಮ ರಾಡ್, ರೀಲ್, ದಾರ ಎಲ್ಲ ಸರಿಯಾಗೇ ಇದೆ, ಹೊಸದೇನೂ ಬೇಡ. ದೋಣಿಯಿಂದ ಮೀನು ಸಿಗದೆ ಇರೋದಕ್ಕೆ ಮುಕ್ಕಾಲು ಪಾಲು ಕಾರಣ ಗಾಳವಲ್ಲ, ನಿಂತ ಕಡೆ ನಿಲ್ಲದ ದೋಣಿ. ಅದನ್ನೇ ಮೊದಲು ನೋಡೋಣ.

ಈ ಅಳತೆಯ ದೋಣಿಗೆ 4-5 ಕೆ.ಜಿ. ಲಂಗರು ಸಾಕು. ತಳ ಕೆಸರಾಗಿದ್ದರೆ ಅಣಬೆ ಆಕಾರದ್ದು ಕೂತುಕೊಳ್ಳುತ್ತೆ. ಮರಳು ಅಥವಾ ಗಟ್ಟಿ ತಳದಲ್ಲಿ ಅದು ಜಾರುತ್ತೆ, ಅಲ್ಲಿಗೆ ಮಡಚುವ ನಾಲ್ಕು ಕೊಕ್ಕೆಯದು ವಾಸಿ. ಲಂಗರಿಗೂ ಹಗ್ಗಕ್ಕೂ ನಡುವೆ ಒಂದು ಮೀಟರ್ ಸರಪಳಿ ಹಾಕಿ. ಲಂಗರು ಹಿಡಿಯೋದು ಬರೀ ಭಾರದಿಂದಲ್ಲ, ಅಡ್ಡಡ್ಡ ಎಳೆತದಿಂದ. ಸರಪಳಿ ತಳದಲ್ಲಿ ಮಲಗಿದ್ದರೆ ಎಳೆತ ಅಡ್ಡವಾಗಿಯೇ ಇರುತ್ತೆ, ಹಗ್ಗ ನೆಟ್ಟಗೆ ಮೇಲಕ್ಕೆ ನಿಂತರೆ ಒಂದೊಂದು ಅಲೆಗೂ ಲಂಗರು ಕಿತ್ತು ಬರುತ್ತೆ.

ಹಗ್ಗದ ಉದ್ದಕ್ಕೆ ಲೆಕ್ಕ ಇದೆ. ನೀರಿನ ಆಳಕ್ಕೆ ದೋಣಿಯ ಮುಂತುದಿ ನೀರಿಂದ ಎಷ್ಟು ಮೇಲಿದೆಯೋ ಅದನ್ನು ಸೇರಿಸಿ. ಗಾಳಿ ಇಲ್ಲದಿದ್ದರೆ ಅದರ ಮೂರರಷ್ಟು, ಗಾಳಿ ಇದ್ದರೆ ಐದರಷ್ಟು, ಜೋರಿದ್ದರೆ ಏಳರಷ್ಟು ಬಿಡಬೇಕು. 4 ಮೀಟರ್ ಆಳ, ಅರ್ಧ ಮೀಟರ್ ಎತ್ತರ ಅಂದುಕೊಂಡರೆ 4.5 × 5, ಅಂದರೆ 22-23 ಮೀಟರ್. 30 ಮೀಟರ್ ಇಟ್ಟುಕೊಳ್ಳಿ. (ಗಾಳಿ ಏಳರಷ್ಟು ಕೇಳುವ ದಿನ ನೀವು ನೀರಿಗೆ ಇಳಿಯಲೇಬೇಡಿ.) 8 ಅಥವಾ 10 ಮಿ.ಮೀ. ನೈಲಾನ್ ಹಗ್ಗವೇ ಆಗಬೇಕು. ಅದು ಮುಳುಗುತ್ತೆ, ಅಲೆ ಬಂದಾಗ ಸ್ವಲ್ಪ ಹಿಗ್ಗುತ್ತೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ತೇಲುತ್ತೆ, ಗಾಳದ ದಾರಕ್ಕೆ ಸುತ್ತಿಕೊಳ್ಳುತ್ತೆ. ಮೀಟರಿಗೊಂದು ಗಂಟು ಹಾಕಿಟ್ಟರೆ ಆಳ ನೋಡೋಕೂ ಅದೇ ಆಯ್ತು.

ಲಂಗರನ್ನು ಯಾವಾಗಲೂ ಮುಂತುದಿಗೇ ಕಟ್ಟಿ. ಹಿಂತುದಿಗೆ ಮಾತ್ರ ಯಾವತ್ತೂ ಕಟ್ಟಬೇಡಿ. ಹಿಂಭಾಗ ತಗ್ಗು, ಅಗಲ, ಜೊತೆಗೆ ಅಲ್ಲೇ ಒಬ್ಬರು ಕೂತಿರ್ತಾರೆ. ಲಂಗರು ಕೆಳಕ್ಕೆ ಜಗ್ಗುವಾಗ ಅಲೆ ಬಂದರೆ ನೀರು ನೇರ ಒಳಗೆ. ಮಗ್ಗುಲಿಗೆ ಕಟ್ಟೋದು ಇನ್ನೂ ಅಪಾಯ, ದೋಣಿ ಮಗುಚಿಯೇ ಬಿಡಬಹುದು.

ಇಳಿಸುವ ಕ್ರಮ: ನಿಲ್ಲಬೇಕಾದ ಜಾಗದಿಂದ ಗಾಳಿ ಬರುವ ದಿಕ್ಕಿಗೆ 20 ಮೀಟರ್ ಮುಂದೆ ಹುಟ್ಟು ಹಾಕಿಕೊಂಡು ಹೋಗಿ. ಕೂತುಕೊಂಡೇ ಲಂಗರನ್ನು ಕೈಯಿಂದ ಕೈಗೆ ಸದ್ದಿಲ್ಲದೆ ಬಿಡಿ. ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುವಾಗ ಹಗ್ಗ ಬಿಡುತ್ತಾ ಬನ್ನಿ, ಬೇಕಾದ ಉದ್ದಕ್ಕೆ ಬಂದಾಗ ಬಿಗಿದು ಕಟ್ಟಿ. ದಡದ ಎರಡು ಗುರುತು ಒಂದೇ ಗೆರೆಗೆ ಬರುವಂತೆ ನೋಡಿಟ್ಟುಕೊಳ್ಳಿ, ಮುಂದೆ ಒಂದು ಮರ, ಹಿಂದೆ ಒಂದು ಕಂಬ ಇದ್ದರೆ ಸಾಕು. ಐದು ನಿಮಿಷದ ಮೇಲೂ ಗೆರೆ ತಪ್ಪಿಲ್ಲ ಅಂದರೆ ಲಂಗರು ಹಿಡಿದಿದೆ. ಲಂಗರನ್ನು ಎಸೆದರೆ ಕಾಲಿಗೆ ಹಗ್ಗ ಸುತ್ತಿಕೊಳ್ಳೋದು ಒಂದು, ಆ ಸದ್ದಿಗೆ ಮೀನು ಚದುರೋದು ಇನ್ನೊಂದು.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಹೆಗಲ ಹತ್ತಿರ ಹಿಡಿದು ಎತ್ತಿ ನೋಡಲಿ. ಗಲ್ಲದ ಮೇಲಕ್ಕೆ ಬಂದರೆ ದೊಡ್ಡದಾಯಿತು ಅಂತ ಅರ್ಥ. ನೀರು ಮೊಗೆಯೋಕೆ ಒಂದು ಡಬ್ಬ, ಒಂದು ಸೀಟಿ, ಹಗ್ಗ ಕತ್ತರಿಸೋಕೆ ಕೈಗೆಟುಕುವ ಕಡೆ ಚಾಕು. ಹೊರಡುವ ಮುಂಚೆ ದೋಣಿಯ ತಳದ ಬಿರಡೆ ಬಿಗಿಯಾಗಿದೆಯಾ ನೋಡಿ, ಹೊಸಬರು ಮರೆಯೋದು ಇದನ್ನೇ. ಆ ಸರೋವರದಲ್ಲಿ ದೋಣಿಗೆ, ಗಾಳಕ್ಕೆ ಪರವಾನಗಿ ಬೇಕೋ ಅನ್ನೋದನ್ನೂ ಕೇಳಿಕೊಳ್ಳಿ.

ಬೆಂಡುಗಣ್ಣು:
ಬೆಂಡಿನ ವಿಷಯ ನಾನು ಹೇಳ್ತೀನಿ. ದಾರಕ್ಕೆ ಗಟ್ಟಿಯಾಗಿ ಸಿಕ್ಕಿಸುವ ಬೆಂಡು ರಾಡಿಗಿಂತ ಹೆಚ್ಚಿನ ಆಳಕ್ಕೆ ಆಗಲ್ಲ. ಬೆಂಡು ರಾಡಿನ ತುದಿಗೆ ತಾಗಿ ನಿಲ್ಲುತ್ತೆ, ಮೀನು ಇನ್ನೂ ಎರಡು ಮೀಟರ್ ಕೆಳಗೇ ಇರುತ್ತೆ. ನಿಮಗೆ ಬೇಕಿರೋದು ಜಾರುವ ಬೆಂಡು.

ಕಟ್ಟುವ ಕ್ರಮ ಮೇಲಿಂದ ಕೆಳಕ್ಕೆ ಹೀಗೆ. ಮುಖ್ಯ ದಾರದ ಮೇಲೆ ಬೇರೊಂದು ತುಂಡು ದಾರದಿಂದ ಐದು ಸುತ್ತಿನ ತಡೆಗಂಟು. ಅದರ ಕೆಳಗೆ ಸಣ್ಣ ತೂತಿನ ಮಣಿ, ಆಮೇಲೆ 4-5 ಗ್ರಾಂ ಹೊರುವ, ನಡುವೆ ಕೊಳವೆ ಇರುವ ಬೆಂಡು. ಅದರ ಕೆಳಗೆ ಸೀಸದ ಗುಂಡುಗಳು, ಒಂದು ಸಣ್ಣ ಸ್ವಿವೆಲ್ (ದಾರ ಮುರಿ ಬೀಳದಂತೆ ತಿರುಗುವ ಕೊಂಡಿ), 40 ಸೆಂ.ಮೀ. ತೆಳು ದಾರ (0.22 ಮಿ.ಮೀ.), ಕೊನೆಗೆ 8ನೇ ನಂಬರಿನ ಗಾಳ. ಗಾಳದಿಂದ 15 ಸೆಂ.ಮೀ. ಮೇಲೆ ಒಂದೇ ಒಂದು ಚಿಕ್ಕ ಗುಂಡು, ಉಳಿದ ಭಾರವೆಲ್ಲ ಸ್ವಿವೆಲ್ ಮೇಲೆ ಒಟ್ಟಿಗೆ. ನೀರಿನ ಮೇಲೆ ಬೆಂಡಿನ ತುದಿ ಒಂದೂವರೆ ಸೆಂ.ಮೀ. ಮಾತ್ರ ಕಾಣುವಷ್ಟು ಭಾರ ಹಾಕಿ. ಕೊಬ್ಬಿದ ಬೆಂಡು ಅರ್ಧ ಮೇಲೆ ತೇಲುತ್ತಿದ್ದರೆ ಅದನ್ನು ಎಳೆಯುವಾಗ ಮೀನಿಗೆ ತಡೆ ಗೊತ್ತಾಗಿ ಹುಳು ಉಗಿದು ಹೋಗುತ್ತೆ.

ತಡೆಗಂಟಿನ ಬಾಲಗಳನ್ನು ಚಿಕ್ಕದಾಗಿ ಕತ್ತರಿಸೋದು ಸಾಮಾನ್ಯ ತಪ್ಪು. ಮೊಂಡು ಬಾಲ ರಾಡಿನ ಉಂಗುರಗಳಿಗೆ ಸಿಕ್ಕಿಕೊಳ್ಳುತ್ತೆ. 2 ಸೆಂ.ಮೀ. ಬಿಟ್ಟರೆ ಬಾಗಿಕೊಂಡು ಒಳಗೆ ಹೋಗುತ್ತೆ. ಮಣಿಯ ತೂತು ದೊಡ್ಡದಾಗಿದ್ದರೆ ಗಂಟು ಅದರೊಳಗೇ ತೂರಿ ಹುಳು ತಳಕ್ಕೆ ಬೀಳುತ್ತೆ. ಕಟ್ಟಿದ ಮೇಲೆ ಕೈಯಲ್ಲೇ ಎಳೆದು ನೋಡಿ.

ಆಳ ಅಳೆಯೋಕೆ ಗಾಳಕ್ಕೆ 20 ಗ್ರಾಂ ಸೀಸ ಸಿಕ್ಕಿಸಿ ದೋಣಿಯ ಪಕ್ಕದಲ್ಲೇ ಬಿಡಿ. ಬೆಂಡು ಮುಳುಗಿ ಹೋದರೆ ತಡೆಗಂಟನ್ನು ಮೇಲಕ್ಕೆ ಸರಿಸಬೇಕು. ಅಡ್ಡ ಮಲಗಿದರೆ ದಾರ ಜಾಸ್ತಿ ಆಯಿತು, ಕೆಳಕ್ಕೆ ಸರಿಸಿ. ತುದಿ ಮಾತ್ರ ನೆಟ್ಟಗೆ ಕಂಡರೆ ಅದೇ ತಳ. ಸೀಸ ತೆಗೆದು, ಗಂಟನ್ನು 20 ಸೆಂ.ಮೀ. ಕೆಳಕ್ಕೆ ತಂದರೆ ಹುಳು ಕೆಸರಿಗಿಂತ ಒಂದು ಗೇಣು ಮೇಲೆ ತೂಗುತ್ತೆ.

ಎಸೆದ ಮೇಲೆ ರೀಲಿನ ಬೇಲ್ (ದಾರವನ್ನು ರೀಲಿಗೆ ಸುತ್ತಿಸುವ ತಂತಿಯ ಕಮಾನು) ತಕ್ಷಣ ಮುಚ್ಚಬೇಡಿ. ಬೆಂಡು ಮೊದಲು ಅಡ್ಡ ಮಲಗಿರುತ್ತೆ, ಭಾರ ದಾರವನ್ನು ಎಳೆದುಕೊಂಡು ಕೆಳಗಿಳಿದ ಮೇಲೆ ಎದ್ದು ನಿಲ್ಲುತ್ತೆ. ಅಷ್ಟರೊಳಗೆ ಮುಚ್ಚಿದರೆ ಗಾಳ ನಡುನೀರಲ್ಲೇ ನೇತಾಡುತ್ತೆ, ನೀವು 5 ಮೀಟರಿನಲ್ಲಿದೆ ಅಂದುಕೊಂಡು ಗಂಟೆಗಟ್ಟಲೆ ಕಾಯ್ತೀರಿ. ಬೇಲನ್ನು ಕೈಯಲ್ಲೇ ಮುಚ್ಚಿ, ಹಿಡಿ ತಿರುಗಿಸಿ ಮುಚ್ಚಿದರೆ ದಾರ ಸಡಿಲ ಸುತ್ತಿಕೊಂಡು ಆಮೇಲೆ ಗೋಜಲಾಗುತ್ತೆ.

ದೂರ ಎಸೆಯುವ ಚಪಲ ಬಿಡಿ, ಅದು ದಡದವರ ಪಾಡು. ದೋಣಿಯೇ ಜಾಗಕ್ಕೆ ಹೋಗಿದೆಯಲ್ಲ, 8-10 ಮೀಟರ್ ಸಾಕು. ಅಡ್ಡ ಬೀಸಬೇಡಿ, ಜೊತೆಗಾರರ ಕಿವಿ ಅಲ್ಲೇ ಇರುತ್ತೆ. ಕೆಳಗಿಂದ ಮೇಲಕ್ಕೆ ತೂಗಿ ಬಿಡಿ. ಮುಂತುದಿಯಲ್ಲಿ ಲಂಗರು ಇರುವಾಗ ದೋಣಿ ಗಾಳಿಗೆ ಮುಖ ಮಾಡಿರುತ್ತೆ. ಹಿಂತುದಿಯ ಕಡೆಗೆ ಬಿಟ್ಟರೆ ಬೆಂಡು ದೂರಕ್ಕೆ ಹೋಗುತ್ತೆ, ಲಂಗರು ಹಗ್ಗಕ್ಕೆ ಸುತ್ತೋದಿಲ್ಲ.

ಜೊಂಡಂಚು:
ಆಳ ಹೆಚ್ಚಿದಷ್ಟೂ ದೊಡ್ಡ ಮೀನು ಅನ್ನೋದು ಸುಳ್ಳು. ಬೇಸಿಗೆಯಲ್ಲಂತೂ ಪೂರಾ ಸುಳ್ಳು.

ಬಿಸಿಲಿಗೆ ಮೇಲಿನ ನೀರು ಕಾದು ಹಗುರಾಗುತ್ತೆ, ತಂಪು ನೀರು ಭಾರವಾಗಿ ಕೆಳಗೇ ಉಳಿಯುತ್ತೆ. ಎರಡರ ನಡುವೆ ಉಷ್ಣತೆ ತಟ್ಟನೆ ಇಳಿಯುವ ಒಂದು ಪದರ ಏರ್ಪಡುತ್ತೆ. ಗಾಳಿ ಕಲಕೋದು ಮೇಲಿನ ನೀರನ್ನು ಮಾತ್ರ. ಕೆಳಗಿನದಕ್ಕೆ ಹೊಸ ಆಮ್ಲಜನಕ ಸಿಗಲ್ಲ, ಇದ್ದದ್ದನ್ನೂ ತಳದಲ್ಲಿ ಕೊಳೆಯುವ ಎಲೆ, ಪಾಚಿ ಮುಗಿಸುತ್ತವೆ. ಹಸಿರು ಬಣ್ಣದ, ಪಾಚಿ ಹೆಚ್ಚಿರುವ ಸರೋವರದಲ್ಲಿ ಆ ಪದರದ ಕೆಳಗೆ ಮೀನು ಇರೋಕೇ ಆಗಲ್ಲ. ನಡುವಿನ 10 ಮೀಟರಿನಲ್ಲಿ ತಳಕ್ಕೆ ಬಿಟ್ಟ ಹುಳು ಸಂಜೆವರೆಗೂ ಹಾಗೇ ಇರುತ್ತೆ. ಫಿಶ್ ಫೈಂಡರ್ (ಸದ್ದಿನ ಅಲೆಯಿಂದ ನೀರಿನ ಒಳಗನ್ನು ತೋರಿಸುವ ಯಂತ್ರ) ಇದ್ದರೆ ಈ ಪದರ ಪರದೆ ಮೇಲೆ ಮಸುಕಾದ ಅಡ್ಡಪಟ್ಟಿಯಾಗಿ ಕಾಣಬಹುದು. ಇಲ್ಲದಿದ್ದರೆ ದಾರಕ್ಕೆ ಥರ್ಮಾಮೀಟರ್ ಕಟ್ಟಿ ಮೀಟರಿಗೊಂದು ಸಲ ಎರಡು ನಿಮಿಷ ಇಳಿಬಿಟ್ಟು ಬೇಗ ಮೇಲೆಳೆದು ಓದಿ. 3-4 ಮೀಟರಿನ ಸರೋವರಕ್ಕೆ ಇದೆಲ್ಲ ಬೇಡ, ಅಲ್ಲಿ ಗಾಳಿಯೇ ತಳದವರೆಗೂ ಕಲಕಿಬಿಡುತ್ತೆ.

ಹುಡುಕಬೇಕಾದ್ದು ಆಳವನ್ನಲ್ಲ, ಅಂಚನ್ನು. 2 ಮೀಟರಿಂದ 4ಕ್ಕೆ ತಟ್ಟನೆ ಇಳಿಯುವ ಏಣು, ಜೊಂಡು ಮುಗಿಯುವ ಗೆರೆ, ಮುಳುಗಿದ ಮರ, ತೊರೆ ಬಂದು ಸೇರುವ ಬಾಯಿ. ಗಂಟು ಹಾಕಿದ ಲಂಗರು ಹಗ್ಗಕ್ಕೆ ಅರ್ಧ ಕೆ.ಜಿ. ತೂಕ ಕಟ್ಟಿಕೊಂಡು ದಡದಿಂದ ನಡುವಿಗೆ ಹೋಗುತ್ತಾ ಹತ್ತು ಸಲ ಇಳಿಬಿಟ್ಟರೆ ಏಣು ಸಿಕ್ಕೇ ಸಿಗುತ್ತೆ. ಒಂದೆರಡು ದಿನದಿಂದ ಒಂದೇ ಕಡೆ ಗಾಳಿ ಬೀಸುತ್ತಿದ್ದರೆ ಅದು ಹೋಗಿ ತಾಗುವ ದಡವನ್ನೂ ನೋಡಿ. ಸೂಕ್ಷ್ಮಜೀವಿಗಳು ಅತ್ತ ಸೇರುತ್ತವೆ, ಅವುಗಳ ಹಿಂದೆ ಮರಿಮೀನು, ಅದರ ಹಿಂದೆ ದೊಡ್ಡದು. ಆದರೆ ಗಾಳಿ ಜೋರಿದ್ದರೆ ಆ ದಡಕ್ಕೆ ದೋಣಿ ಹಾಕಬೇಡಿ, ಬಡಿಯುತ್ತೆ.

ಒಂದು ಜಾಗಕ್ಕೆ ಮುಕ್ಕಾಲು ಗಂಟೆ ಕೊಡಿ. ಕಚ್ಚಲಿಲ್ಲ ಅಂದರೆ ಮೊದಲು ಆಳ ಬದಲಿಸಿ, ಆಮೇಲೆ ಜಾಗ, ಕೊನೆಗೆ ಎರೆ. ಹೊಸಬರು ಇದನ್ನು ತಿರುಗಾಮುರುಗಾ ಮಾಡ್ತಾರೆ.

ಹೊಸಗಾಳ:
ತುಂಬಾ ಉಪಯೋಗವಾಯಿತು. ಇನ್ನೂ ಎರಡು ಸಂದೇಹ. ಮುಂದೆ ಮಾತ್ರ ಲಂಗರು ಹಾಕಿದರೆ ದೋಣಿ ಗಡಿಯಾರದ ಲೋಲಕದ ಹಾಗೆ ಆಚೀಚೆ ತೂಗಲ್ವಾ? ಲಂಗರು ಕಲ್ಲಿಗೆ ಸಿಕ್ಕಿಕೊಂಡರೆ?

ಬೆಂಡುಗಣ್ಣು:
ತೂಗುತ್ತೆ. ಬೆಂಡಿಗೆ ಅಷ್ಟು ತೊಂದರೆ ಇಲ್ಲ, ತಳದಲ್ಲಿ ಸೀಸ ಬಿಟ್ಟು ಕೂತರೆ ಮಾತ್ರ ಅದನ್ನು ಎಳೆದಾಡುತ್ತೆ. ಹಿಂತುದಿಯಿಂದ 2-3 ಕೆ.ಜಿ. ತೂಕ ಇಳಿಬಿಟ್ಟರೆ ನಿಲ್ಲುತ್ತೆ. ಹುಟ್ಟುಗೋಲು ಅವರು ಬೈಯೋದು ಬೇಡ, ಮುಂದಿನ ಲಂಗರು ಹಿಡಿದ ಮೇಲೆ ಮಾತ್ರ ಹೇಳ್ತಿರೋದು.

ಹುಟ್ಟುಗೋಲು:
ಬೈಯಲ್ಲ, ಷರತ್ತು ಸೇರಿಸ್ತೀನಿ. ಮಂದ ಗಾಳಿಯಲ್ಲಿ ಮಾತ್ರ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ. ಗಾಳಿ ತಿರುಗಿದರೆ ಅಥವಾ ಮೋಟಾರು ದೋಣಿಯ ಅಲೆ ಬರೋದು ಕಂಡರೆ ಹಿಂದಿನದನ್ನು ಮೊದಲು ಬಿಡಿ. ಎರಡೂ ಕಡೆ ಬಿಗಿದ ದೋಣಿ ಅಲೆಗೆ ಮುಖ ತಿರುಗಿಸಿಕೊಳ್ಳೋಕೆ ಆಗಲ್ಲ, ಮಗ್ಗುಲಿಗೆ ಹೊಡೆಸಿಕೊಳ್ಳುತ್ತೆ.

ಸಿಕ್ಕಿಕೊಂಡ ಲಂಗರನ್ನು ನಿಂತು ಜಗ್ಗಬೇಡಿ, ಇಬ್ಬರೂ ಒಂದೇ ಕಡೆ ವಾಲಲೇಬೇಡಿ. ಹಗ್ಗ ಎಳೆದುಕೊಂಡು ಲಂಗರಿನ ನೇರ ಮೇಲೆ ಬನ್ನಿ. ಅದನ್ನು ದಾಟಿ ಗಾಳಿಯ ಎದುರಿಗೆ ಇನ್ನಷ್ಟು ಮುಂದೆ ಹುಟ್ಟು ಹಾಕಿ, ಆ ಕಡೆಯಿಂದ ಎಳೆಯಿರಿ. ಕೊಕ್ಕೆ ಸಿಕ್ಕಿದ ದಿಕ್ಕಿಗೆ ವಿರುದ್ಧ ಎಳೆದರೆ ಸಾಮಾನ್ಯವಾಗಿ ಬಿಡುತ್ತೆ. ಬಿಡದಿದ್ದರೆ ಹಗ್ಗ ಕತ್ತರಿಸಿ ಬನ್ನಿ.

ಲಂಗರು ಬೇಡ ಅನ್ನಿಸಿದರೆ ತೇಲಿಕೊಂಡು ಹೋಗುತ್ತಾ ಹಿಡಿಯೋದೂ ಇದೆ. 10 ಲೀಟರಿನ ಬಕೆಟ್ಟನ್ನು 3 ಮೀಟರ್ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟರೆ ದೋಣಿಯ ಓಟ ತಗ್ಗುತ್ತೆ. ಗಾಳವನ್ನು ನೇರ ಕೆಳಕ್ಕೆ ಬಿಡಿ. ದಾರ ತೀರಾ ಓರೆಯಾದರೆ ಸೀಸ ಸಾಲದು, 10 ಗ್ರಾಂ ಇದ್ದದ್ದನ್ನು 15 ಮಾಡಿ. ಮೀನು ಕಚ್ಚಿದ ಜಾಗಕ್ಕೆ ತಕ್ಷಣ ಗುರುತು ಬೇಕು, ದಾರ ಮತ್ತು ತೂಕ ಕಟ್ಟಿದ ಖಾಲಿ ಬಾಟಲಿ ಹಾಕಿ, ಹೊರಡುವಾಗ ಎತ್ತಿಕೊಳ್ಳಿ.

ಕೈಬಲೆ:
ಕಚ್ಚಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ದೋಣಿಯಲ್ಲಿ ಮೀನು ಕಳೆದುಕೊಳ್ಳೋದು ಕೊನೆಯ ಎರಡು ಮೀಟರಿನಲ್ಲಿ.

ರೀಲಿನ ಡ್ರ್ಯಾಗ್ ಅನ್ನು (ಮೀನು ಜಗ್ಗಿದಾಗ ಎಷ್ಟು ಎಳೆತಕ್ಕೆ ದಾರ ಬಿಟ್ಟುಕೊಡಬೇಕು ಅನ್ನುವ ಬಿಗಿ) ದಾರ ತಡೆಯುವ ಭಾರದ ಕಾಲು ಭಾಗಕ್ಕೆ ಇಡಿ. ನಿಮ್ಮದು 5 ಕೆ.ಜಿ., ಅಂದರೆ 1.2 ಕೆ.ಜಿ. ಸುಮಾರು. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ, ಬೆರಳಿನ ಅಂದಾಜು ಬಹಳ ಸಲ ಮೋಸ ಮಾಡುತ್ತೆ. ನೈಲಾನ್ ದಾರ ರಬ್ಬರಿನ ಹಾಗೆ ಹಿಗ್ಗುತ್ತೆ. 20 ಮೀಟರ್ ಹೊರಗಿದ್ದಾಗ ಆ ಹಿಗ್ಗೇ ಮೀನಿನ ಜಗ್ಗು ತಾಳಿಕೊಳ್ಳುತ್ತೆ, 2 ಮೀಟರ್ ಉಳಿದಾಗ ಹಿಗ್ಗೋಕೆ ದಾರವೇ ಇರಲ್ಲ. ದೋಣಿ ಕಂಡ ಮೀನು ಕೊನೆಯ ಸಲ ಜೋರಾಗಿ ಧುಮುಕೋದೂ ಆಗಲೇ. ಹತ್ತಿರ ಬಂದಾಗ ಡ್ರ್ಯಾಗ್ ಸ್ವಲ್ಪ ಸಡಿಲಿಸಿ.

ಮೀನು ದೋಣಿಯ ಅಡಿಗೆ ನುಗ್ಗಿದರೆ ರಾಡನ್ನು ಮೇಲೆತ್ತಬೇಡಿ, ದೋಣಿಯ ಅಂಚಿಗೆ ತಾಗಿ ಲಟಕ್ಕನೆ ಮುರಿಯುತ್ತೆ. ರಾಡಿನ ತುದಿಯನ್ನು ನೀರೊಳಗೆ ಅದ್ದಿ, ಹಿಂತುದಿಯನ್ನು ಬಳಸಿಕೊಂಡು ಆ ಕಡೆಗೆ ತನ್ನಿ. ಎದ್ದು ನಿಲ್ಲಬೇಡಿ.

ಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿ ಅಲ್ಲಾಡದೆ ಹಿಡಿಯಬೇಕು, ಮೀನನ್ನು ತಲೆ ಮುಂದಾಗಿ ಅದರ ಮೇಲಕ್ಕೆ ನಡೆಸಿಕೊಂಡು ಬಂದು ಆಮೇಲೆ ಎತ್ತಬೇಕು. ಬಾಲದ ಕಡೆಯಿಂದ ಮೊಗೆಯೋಕೆ ಹೋದರೆ ಬಾಲಕ್ಕೆ ಏನೋ ತಾಗಿತು ಅಂತ ಒಂದೇ ಏಟಿಗೆ ಓಡುತ್ತೆ. ವಾಪಸ್ ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಮೀಸೆಯ ಮೀನುಗಳಿಗೆ ಬೆನ್ನಿನ ರೆಕ್ಕೆ ಮತ್ತು ಎದೆಯ ಎರಡೂ ಕಡೆಯ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳು ಇರುತ್ತೆ, ಇಕ್ಕಳದಿಂದಲೇ ಗಾಳ ತೆಗೆಯಿರಿ. ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಟ್ಟರೆ ಮೀನಿನ ಬಾಯಿಂದಲೂ ನಿಮ್ಮ ಬೆರಳಿಂದಲೂ ಸುಲಭವಾಗಿ ಬರುತ್ತೆ. ಕಣ್ಣಿನ ಹತ್ತಿರ ಚುಚ್ಚಿಕೊಂಡರೆ ಮಾತ್ರ ಎಳೆಯಬೇಡಿ, ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ.

ಜೊಂಡಂಚು:
ಒಂದು ಬಿಟ್ಟುಹೋಗಿತ್ತು. ಹುಟ್ಟು ಹಾಕುವ ದೋಣಿಯಾದ್ದರಿಂದ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಗಾಳಿಯೇ ತಳ್ಳುತ್ತೆ. ಗುಡುಗು ಒಂದು ಸಲ ಕೇಳಿಸಿದರೂ ದಡಕ್ಕೆ ಬನ್ನಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತೆ, ಬಟಾಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರಕ್ಕಿರೋದೂ ಅದೇ, ಅದನ್ನು ಮಲಗಿಸಿಟ್ಟು ಹುಟ್ಟು ಹಿಡಿಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ. ದೋಣಿ ಮಗುಚಿದರೆ ದಡ ಎಷ್ಟೇ ಹತ್ತಿರ ಕಂಡರೂ ಈಜಲು ಹೋಗದೆ ದೋಣಿಯನ್ನೇ ಹಿಡಿದುಕೊಂಡು ಸೀಟಿ ಊದಿ.