ರೇಸ್ ಬೈಕಿನ ಮೇಲಿರೋ ಆಯಿಲ್ ಸ್ಟಿಕ್ಕರ್, ಇಂಜಿನ್ ಒಳಗಿರೋ ಆಯಿಲ್: ಎರಡೂ ಒಂದೇನಾ?

ಮೈಸೂರು ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 250 ಸಿಸಿ ಬೈಕ್. ಮುಂದಿನ ತಿಂಗಳು ಗೆಳೆಯರ ಜೊತೆ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗ್ತಿದ್ದೇನೆ. ಮೊದಲ ಸಲ ಟ್ರ್ಯಾಕ್ ಮೇಲೆ ಓಡಿಸೋದು. ಅದಕ್ಕೆ ಮುಂಚೆ ಆಯಿಲ್ ಬದಲಾಯಿಸೋಣ ಅಂತ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಡಬ್ಬಿ ಮುಂದಿಟ್ಟು, "ಇದು ಮೋಟೋಜಿಪಿ ಆಯಿಲ್, ರೇಸಲ್ಲಿ ಇದನ್ನೇ ಹಾಕೋದು" ಅಂದರು. (ಮೋಟೋಜಿಪಿ ಅಂದರೆ ಬೈಕುಗಳ ವಿಶ್ವ ಚಾಂಪಿಯನ್‌ಶಿಪ್ ರೇಸ್.) ಡಬ್ಬಿ ಮೇಲೆ ರೇಸ್ ಬೈಕಿನ ಚಿತ್ರ ಇತ್ತು. ಬೆಲೆ ನಾನು ಮಾಮೂಲಿ ಹಾಕಿಸೋದರ ಎರಡರಷ್ಟು.

ಜೊತೆಗಿದ್ದ ಗೆಳೆಯ, "ಅದೆಲ್ಲಾ ದುಡ್ಡಿಗೆ ಅಂಟಿಸೋ ಸ್ಟಿಕ್ಕರ್ ಕಣೋ, ಒಳಗೆ ಹಾಕೋದೇ ಬೇರೆ" ಅಂತಾನೆ. ಇದರಲ್ಲಿ ಯಾವುದು ನಿಜ? ಒಳಗಿನ ವಿಷಯ ಗೊತ್ತಿರೋರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಬನಶಂಕರಿ ಬೈಕರ್

ನಿಮ್ಮ ಗೆಳೆಯ ಹೇಳಿದ್ದೇ ಸರಿ. ಕ್ರಿಕೆಟ್ ಆಟಗಾರರು ಜಾಹೀರಾತಿನಲ್ಲಿ ಕುಡಿಯೋ ಡ್ರಿಂಕನ್ನೇ ಮನೆಯಲ್ಲೂ ಕುಡೀತಾರಾ? ಸ್ಪಾನ್ಸರ್ ದುಡ್ಡು ಕೊಡ್ತಾನೆ, ಟೀಮ್‌ನವರು ಸ್ಟಿಕ್ಕರ್ ಹಾಕ್ತಾರೆ, ಅಷ್ಟೇ. ಮ್ಯಾನ್ಯುಯಲ್‌ನಲ್ಲಿ ಇರೋದನ್ನು ಹಾಕಿಸಿ, ಆರಾಮಾಗಿ ಓಡಿಸಿ.

ರ್‍ಯಾಲಿ ಸರ್ವಿಸ್

ಅಷ್ಟೇ ಅಂತ ಹೇಳಿ ಮುಗಿಸೋ ಹಾಗಿಲ್ಲ. ನಾನು ರ್‍ಯಾಲಿ ಕಾರುಗಳ ಸರ್ವಿಸ್ ಟೀಮಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಕೆ-1000 ರ್‍ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜುಗಳು, ಎಲ್ಲಾ ಕಡೆ ಕಾರಿನ ಕೆಳಗೆ ಮಲಗಿದ್ದೇನೆ. ಸ್ವಲ್ಪ ಉದ್ದ ಆದರೂ ಬರೀತೀನಿ.

ಸ್ಟಿಕ್ಕರ್ ನೋಡಬೇಡಿ, ಇಂಜಿನ್ ಯಾರ ಕೈಯಲ್ಲಿದೆ ನೋಡಿ. ಆಯಿಲ್ ಯಾವುದು ಅಂತ ತೀರ್ಮಾನ ಮಾಡೋದು ಇಂಜಿನ್ ಕಟ್ಟಿದವರು. ಅವರಿಗೆ ಸ್ಟಿಕ್ಕರ್ ಹಾಕಿದ ಕಂಪನಿ ಜೊತೆಗೇ ಒಪ್ಪಂದ ಇದ್ದರೆ ಒಳಗೂ ಹೊರಗೂ ಒಂದೇ ಹೆಸರು. ಇಲ್ಲದಿದ್ದರೆ ಬೇರೆ ಬೇರೆ.

ಫೆರಾರಿಯನ್ನೇ ತಗೊಳ್ಳಿ. ಫಾರ್ಮುಲಾ ಒನ್‌ನಲ್ಲಿ 1996ರಿಂದ ಅವರ ಜೊತೆ ಇರೋದು ಶೆಲ್ ಆಯಿಲ್ ಕಂಪನಿ. ಅಲ್ಲಿ ಸ್ಟಿಕ್ಕರ್ ಸುಳ್ಳಲ್ಲ. ಶೆಲ್‌ನವರು ಪ್ರತಿ ರೇಸಿಗೂ ಒಂದು ಸಣ್ಣ ಲ್ಯಾಬನ್ನೇ ಹೊತ್ತುಕೊಂಡು ಬರುತ್ತಾರೆ. ಕಾರು ಓಡಿ ಬಂದ ಮೇಲೆ ಸ್ವಲ್ಪ ಆಯಿಲ್ ತೆಗೆದು, ಅದರಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಅಲ್ಯೂಮಿನಿಯಂ ಎಷ್ಟು ಅಂತ ಅಳೆಯುತ್ತಾರೆ. ತಾಮ್ರ ದಿಢೀರನೆ ಏರಿದರೆ ಬೇರಿಂಗ್ ಮೇಲೆ ಅನುಮಾನ. ಇಂಜಿನ್ ಬಿಚ್ಚದೆ ಒಳಗಿನ ಆರೋಗ್ಯ ತಿಳಿಯೋಕೆ ಅವರಿಗಿರೋ ದಾರಿ ಇದು. ಮರ್ಸಿಡಿಸ್‌ಗೆ 2010ರಿಂದ ಪೆಟ್ರೋನಾಸ್. ಅಲ್ಲೂ ಇಂಜಿನ್ ವಿನ್ಯಾಸದ ಜೊತೆಜೊತೆಗೇ ಆಯಿಲ್ ತಯಾರಾಗುತ್ತದೆ.

ತೊಡಕು ಶುರುವಾಗೋದು ಬೇರೆಯವರ ಇಂಜಿನ್ ತಗೊಂಡು ಓಡುವ ಟೀಮುಗಳಲ್ಲಿ. 2014ರಲ್ಲಿ ಮೆಕ್‌ಲಾರೆನ್ ಓಡಿಸಿದ್ದು ಮರ್ಸಿಡಿಸ್ ಇಂಜಿನ್. ಆ ಇಂಜಿನ್ ಪೆಟ್ರೋನಾಸ್ ಜೊತೆ ಬೆಳೆದದ್ದು. ಆದರೆ ಮೆಕ್‌ಲಾರೆನ್‌ಗೆ 1995ರಿಂದ ಮೊಬಿಲ್ ಒಪ್ಪಂದ, ಹಾಗಾಗಿ ಮೊಬಿಲ್ ಪೆಟ್ರೋಲು, ಮೊಬಿಲ್ ಆಯಿಲ್. ಒಂದೇ ಇಂಜಿನ್ ಇದ್ದರೂ ಶಕ್ತಿ ಸ್ವಲ್ಪ ಕಡಿಮೆ ಸಿಗ್ತಿದೆಯಾ ಅಂತ ಆ ವರ್ಷ ದೊಡ್ಡ ಚರ್ಚೆಯೇ ನಡೀತು. 2017ರಲ್ಲೂ ಹಾಗೇ: ರೆನೋ ಕಾರಿಗೆ ಕ್ಯಾಸ್ಟ್ರಾಲ್, ಅದೇ ರೆನೋ ಇಂಜಿನ್ ಹಾಕಿಕೊಂಡ ರೆಡ್ ಬುಲ್‌ಗೆ ಮೊಬಿಲ್. ನೋಡಿ, ಇಲ್ಲಿ ಸ್ಟಿಕ್ಕರ್ ನಿಜಾನೇ, ಆದರೆ ಆ ಆಯಿಲ್ ಬಂದದ್ದು ಇಂಜಿನಿಗೆ ಅದೇ ಒಳ್ಳೆಯದು ಅಂತ ಅಲ್ಲ, ಒಪ್ಪಂದ ಇತ್ತು ಅಂತ. ಮುಂದೆ ನಿಯಮವನ್ನೇ ಬಿಗಿ ಮಾಡಿದರು. ಇಂಜಿನ್ ಕೊಡೋರು ತಾವು ಬಳಸುವ ಪೆಟ್ರೋಲು, ಆಯಿಲನ್ನೇ ಗಿರಾಕಿ ಟೀಮುಗಳಿಗೂ ಕೊಡೋಕೆ ತಯಾರಿರಬೇಕು. ಬೇಡ ಅನ್ನೋದು ಟೀಮಿಗೆ ಬಿಟ್ಟಿದ್ದು.

ಇನ್ನು ಅಂಗಡಿಯವರು ಹೇಳಿದ ಮೋಟೋಜಿಪಿ. ಬೈಕ್ ಕಂಪನಿಯವರೇ ನಡೆಸುವ ಫ್ಯಾಕ್ಟರಿ ಟೀಮುಗಳಲ್ಲಿ ಒಪ್ಪಂದ ಗಟ್ಟಿ. ಹೋಂಡಾ ಜೊತೆ ರೆಪ್ಸಾಲ್ 1995ರಿಂದ 2024ರವರೆಗೆ ಇತ್ತು. 2025ರಿಂದ ಕ್ಯಾಸ್ಟ್ರಾಲ್ ಬಂದಿದೆ. ಆದರೆ ಅದೇ ವಾರಾಂತ್ಯ, ಅದೇ ಟ್ರ್ಯಾಕಿನಲ್ಲಿ ಓಡುವ, ಮೋಟೋಜಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ಮೋಟೋ2 ಕ್ಲಾಸ್ ನೋಡಿ. 2019ರಿಂದ ಅಲ್ಲಿ ಎಲ್ಲರಿಗೂ ಟ್ರಯಂಫ್‌ನ 765 ಸಿಸಿ ಇಂಜಿನ್. ಟೀಮಿನವರು ಅದನ್ನು ಬಿಚ್ಚೋ ಹಾಗಿಲ್ಲ. ಆಯಿಲ್ ಸರಬರಾಜು ಲಿಕ್ವಿ ಮೋಲಿ ಕಂಪನಿಯದ್ದು, ಎಲ್ಲರಿಗೂ ಅದೇ. ಬೈಕಿನ ಮೈಮೇಲೆ ಯಾವ ಕಂಪನಿ ಹೆಸರಿದ್ದರೂ ಸರಿ, ಒಳಗೆ ಒಂದೇ ಆಯಿಲ್. ನಿಮ್ಮ ಗೆಳೆಯ ಹೇಳಿದ್ದು ಇಲ್ಲಿ ನೂರಕ್ಕೆ ನೂರು ಸರಿ.

ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ರೇಸಿಂಗ್‌ಗೆ 2022ರಲ್ಲಿ ಪೆಟ್ರೋನಾಸ್ ಟೈಟಲ್ ಸ್ಪಾನ್ಸರ್ ಆಯಿತು. ಅದು ಫ್ಯಾಕ್ಟರಿ ಟೀಮ್, ಬೈಕೂ ಅವರದ್ದೇ, ಇಂಜಿನ್ನೂ ಅವರದ್ದೇ. ನಮ್ಮಲ್ಲಿನ ಒನ್-ಮೇಕ್ ರೇಸುಗಳಲ್ಲಿ (ಎಲ್ಲರೂ ಒಂದೇ ಮಾದರಿ ಬೈಕ್ ಓಡಿಸೋ ರೇಸು) ಕಂಪನಿಯವರೇ ಬೈಕ್ ತಯಾರು ಮಾಡಿ ಕೊಡುತ್ತಾರೆ, ಸವಾರನಿಗೆ ಆಯ್ಕೆ ಅನ್ನೋದೇ ಇರಲ್ಲ.

ನಾನು ಕಣ್ಣಾರೆ ಕಂಡಿದ್ದು ಸ್ವಂತ ದುಡ್ಡಿನಲ್ಲಿ ಓಡುವ ಪ್ರೈವೇಟ್ ಟೀಮುಗಳನ್ನು. ಅಲ್ಲಿ ಸ್ಪಾನ್ಸರ್‌ಶಿಪ್ ಅಂದರೆ ಕೋಟಿ ಲೆಕ್ಕ ಅಲ್ಲ. ಒಂದಷ್ಟು ಪೆಟ್ಟಿಗೆ ಆಯಿಲ್, ಟೀ ಶರ್ಟು, ಎಂಟ್ರಿ ಫೀಸಿಗೆ ಅಷ್ಟು ಇಷ್ಟು ದುಡ್ಡು. ಒಂದು ಸಲ ಒಂದು ಕಂಪನಿ (ಹೆಸರು ಬೇಡ) ಪೆಟ್ಟಿಗೆಗಟ್ಟಲೆ ಆಯಿಲ್ ಕಳಿಸಿತು. ತೆರೆದು ನೋಡಿದರೆ ಎಲ್ಲಾ ಮೈಲೇಜ್‌ಗೆ ಅಂತ ಮಾಡಿದ ತೆಳು ಆಯಿಲ್. ನಮ್ಮ ಇಂಜಿನ್ ಟ್ಯೂನ್ ಮಾಡಿದ್ದು, ಭಾಗಗಳ ನಡುವಿನ ಸಂದು (ಕ್ಲಿಯರೆನ್ಸ್) ಜಾಸ್ತಿ ಬಿಟ್ಟಿದ್ದು, ಏಪ್ರಿಲ್ ಬಿಸಿಲು ಬೇರೆ. ನಮ್ಮ ಇಂಜಿನ್ ಮೇಸ್ತ್ರಿ ಡಬ್ಬಿ ತಿರುಗಿಸಿ ಹಿಂಬದಿ ಓದಿ, ತಲೆ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಕಾರಿನ ಬಾಗಿಲ ಮೇಲೆ ಆ ಕಂಪನಿ ಸ್ಟಿಕ್ಕರ್ ಹಾಗೇ ಇತ್ತು, ಒಳಗೆ ನಾವು ದುಡ್ಡು ಕೊಟ್ಟು ತಂದ ದಪ್ಪ ಆಯಿಲ್ ಹೋಯಿತು. ಅವರು ಕಳಿಸಿದ್ದು ಸರ್ವಿಸ್ ವ್ಯಾನಿಗೆ ಸರಿಹೋಯಿತು. ನನ್ನ ಪ್ರಕಾರ ಅದರಲ್ಲಿ ಮೋಸ ಏನೂ ಇಲ್ಲ. ಸ್ಟಿಕ್ಕರಿಗೆ ಮಾತಾಗಿತ್ತು, ಸ್ಟಿಕ್ಕರ್ ಹಾಕಿದೆವು. ಇಂಜಿನ್ ಹೋದರೆ ಕಟ್ಟೋರು ನಾವೇ ಅಲ್ವಾ?

ನಮಗೆ ಲ್ಯಾಬ್ ಇರಲಿಲ್ಲ, ಕಣ್ಣು, ಬೆರಳು ಇದ್ದವು. ದಿನದ ಓಟ ಮುಗಿದ ಮೇಲೆ ಬಿಸಿ ಇರುವಾಗಲೇ ಆಯಿಲ್ ಇಳಿಸುತ್ತಿದ್ದೆವು. ಡ್ರೈನ್ ನಟ್ಟಿಗೆ ಅಯಸ್ಕಾಂತ ಇರುತ್ತದೆ. ಅದರ ತುದಿಗೆ ಅಂಟಿದ ಕಪ್ಪು ಪೇಸ್ಟನ್ನು ಬೆರಳಲ್ಲಿ ಉಜ್ಜಿ ನೋಡೋದು. ಕಾಡಿಗೆ ತರಹ ನುಣ್ಣಗಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚಿದರೆ ಒಳಗೆ ಏನೋ ಸಿಪ್ಪೆ ಎದ್ದಿದೆ ಅಂತ ಅರ್ಥ. ಆಮೇಲೆ ಫಿಲ್ಟರ್ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಟಾರ್ಚ್ ಹಿಡಿಯೋದು. ಬೆಳ್ಳಗೆ ಹೊಳೆದರೆ ಹೆಚ್ಚಾಗಿ ಪಿಸ್ಟನ್ ಕಡೆ, ಹಿತ್ತಾಳೆ ಬಣ್ಣ ಕಂಡರೆ ಬೇರಿಂಗ್ ಅಥವಾ ಬುಷ್ ಕಡೆ ನೋಡಬೇಕು. ಮಡಿಕೆಯಲ್ಲಿ ಬಂಗಾರದ ಪುಡಿ ಉದುರಿಸಿದ ಹಾಗೆ ಕಂಡ ರಾತ್ರಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ.

ಕೊನೆಗೆ ನಿಮ್ಮ ಬೈಕ್. ಫಾರ್ಮುಲಾ ಒನ್ ಕಾರಿನ ಆಯಿಲ್ ನಿಮಗೆ ಬಿಟ್ಟಿ ಸಿಕ್ಕರೂ ಹಾಕಬೇಡಿ. ಅದು ಆ ಒಂದು ಇಂಜಿನಿಗೇ ಅಂತ ಮಾಡಿದ್ದು. ಆ ಇಂಜಿನನ್ನು ತಣ್ಣಗಿದ್ದಾಗ ಸ್ಟಾರ್ಟೂ ಮಾಡಲ್ಲ, ಮೊದಲು ಬಿಸಿ ಮಾಡಿಕೊಳ್ಳುತ್ತಾರೆ. ನಿಮ್ಮ ಆಯಿಲ್ ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಆಗಬೇಕು, ಸಾವಿರಾರು ಕಿಲೋಮೀಟರ್ ಬಾಳಬೇಕು, ಮಸಿ ತೊಳೀಬೇಕು. ಅದೇ ಆಯಿಲ್ ಗೇರ್‌ಬಾಕ್ಸಿಗೂ ಕ್ಲಚ್‌ಗೂ ಬೇಕು. ಅದಕ್ಕೆ ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್ (ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನೋ ಅಂಕಿ), ಜೊತೆಗೆ ಜೇಸೋ ಎಂಎ2 ಗುರುತು (ಆಯಿಲ್‌ನಲ್ಲೇ ಮುಳುಗಿರೋ ಬೈಕ್ ಕ್ಲಚ್‌ಗೆ ಹೊಂದುತ್ತೆ ಅನ್ನೋ ಜಪಾನಿ ಮಾನದಂಡ). ಇವೆರಡು ಇದ್ದರೆ ಧೈರ್ಯವಾಗಿ ಹಾಕಿ.

ಶಾರ್ಲಟ್ ಕನ್ನಡಿಗ

ರ್‍ಯಾಲಿ ಸರ್ವಿಸ್ ಅವರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಇಲ್ಲಿನ ಹೆಸರುವಾಸಿ ಕಾರ್ ರೇಸ್ ನಾಸ್ಕಾರ್‌ನ ಟೀಮುಗಳ ಶೆಡ್ಡುಗಳು ಹೆಚ್ಚಿನವು ಇಲ್ಲೇ ಸುತ್ತಮುತ್ತ ಇವೆ. ಇಲ್ಲಿ ಮೊಬಿಲ್ 1 ಅನ್ನೋದು 2003ರಿಂದ ನಾಸ್ಕಾರ್‌ನ ಅಧಿಕೃತ ಆಯಿಲ್. ಆದರೂ ಪೆನ್‌ಸ್ಕೆ ಟೀಮಿನ 22ನೇ ನಂಬರ್ ಕಾರು ಹಳದಿ ಬಣ್ಣದಲ್ಲಿ ಶೆಲ್-ಪೆನ್ಜಾಯಿಲ್ ಹೆಸರು ಹೊತ್ತು ಓಡುತ್ತದೆ. ಅಧಿಕೃತ ಅಂದರೆ ಎಲ್ಲರೂ ಅದನ್ನೇ ಹಾಕಬೇಕು ಅಂತಲ್ಲ.

ನನಗೆ ಬಹಳ ಹಿಡಿಸಿದ್ದು ಜೋ ಗಿಬ್ಸ್ ರೇಸಿಂಗ್ ಅನ್ನೋ ನಾಸ್ಕಾರ್ ಟೀಮಿನ ಕಥೆ. ಆಗಿನ ನಾಸ್ಕಾರ್ ಇಂಜಿನ್‌ಗಳಲ್ಲಿ ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್ (ವಾಲ್ವ್ ತೆರೆಯೋಕೆ ಕ್ಯಾಮ್ ಒತ್ತುವ ಭಾಗ). ಕ್ಯಾಮ್ ನೇರವಾಗಿ ಅದರ ಮೇಲೆ ಉಜ್ಜುತ್ತದೆ. ಅಲ್ಲಿ ಸವೆತ ತಡೆಯೋದು ಆಯಿಲ್‌ನಲ್ಲಿರೋ ಜಿಂಕ್, ಫಾಸ್ಫರಸ್. ಆದರೆ ಫಾಸ್ಫರಸ್ ಮಾಮೂಲಿ ಕಾರುಗಳ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಎಸ್‌ಎಂ ದರ್ಜೆಯಲ್ಲಿ ತೆಳು ಗ್ರೇಡುಗಳಿಗೆ ಅದರ ಮಿತಿ 0.08 ಶೇಕಡಾಕ್ಕೆ ಇಳಿಯಿತು. ಜೋ ಗಿಬ್ಸ್‌ನವರು ಅಂಗಡಿ ಆಯಿಲ್ ನಂಬಿ ಕೂರಲಿಲ್ಲ, ತಮ್ಮ ಇಂಜಿನಿಗೆ ತಕ್ಕ ಹಾಗೆ ತಾವೇ ಆಯಿಲ್ ಮಾಡಿಸಿಕೊಂಡರು. ಆಮೇಲೆ ಅದನ್ನೇ ಮಾರೋಕೂ ಶುರು ಮಾಡಿದರು. ಈಗ ಅದು ಡ್ರಿವನ್ ರೇಸಿಂಗ್ ಆಯಿಲ್ ಅನ್ನೋ ಹೆಸರಲ್ಲಿದೆ. ಗೆಲ್ಲಲೇಬೇಕು ಅನ್ನೋರು ಸ್ಟಿಕ್ಕರ್‌ಗೆ ಕಾಯಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೈಸೂರು ಸವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮ್ಯಾನ್ಯುಯಲ್ ನೋಡಿದೆ, 10ಡಬ್ಲ್ಯು-40, ಎಂಎ2 ಅಂತ ಇದೆ. ಅಂಗಡಿಯವರ ಡಬ್ಬಿಯಲ್ಲೂ ಅದೇ ಗ್ರೇಡ್ ಇತ್ತು ಅನ್ನಿಸುತ್ತೆ. ಹಾಗಾದ್ರೆ ಆ ದುಬಾರಿದು ತಗೊಂಡ್ರೆ ದುಡ್ಡು ದಂಡಾನಾ? ಇನ್ನೊಂದು, ಕಾರಿನ ಆಯಿಲ್ ಬೈಕಿಗೆ ಹಾಕಿದ್ರೆ ಏನಾಗುತ್ತೆ ಸರ್?

ರ್‍ಯಾಲಿ ಸರ್ವಿಸ್

ಗ್ರೇಡೂ ಗುರುತೂ ಸರಿ ಇದ್ದು, ಫುಲ್ ಸಿಂಥೆಟಿಕ್ ಆಗಿದ್ದರೆ ದಂಡ ಅಲ್ಲ. ಟ್ರ್ಯಾಕಲ್ಲಿ ಆಯಿಲ್ ರಸ್ತೆಗಿಂತ ತುಂಬಾ ಬಿಸಿಯಾಗುತ್ತದೆ, ಸಿಂಥೆಟಿಕ್ ಆ ಬಿಸಿ ಚೆನ್ನಾಗಿ ತಡೆಯುತ್ತದೆ. ಚಿತ್ರಕ್ಕೆ ಮಾತ್ರ ದುಡ್ಡು ಕೊಡಬೇಡಿ.

ಕಾರಿನ ಆಯಿಲ್ ಬೇಡವೇ ಬೇಡ. ಮೈಲೇಜ್‌ಗೆ ಅಂತ ಅದರಲ್ಲಿ ಜಾರೋ ಗುಣ ಜಾಸ್ತಿ ಸೇರಿಸಿರುತ್ತಾರೆ. ನಿಮ್ಮ ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಪ್ಲೇಟ್ ಜಾರಿದರೆ ಇಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗಲ್ಲ. ಎಪಿಐ ಗುರುತಿನ ದುಂಡು ಚಿತ್ರದ ಕೆಳಗೆ "ರಿಸೋರ್ಸ್ ಕನ್ಸರ್ವಿಂಗ್" (ಇಂಧನ ಉಳಿಸೋ ಆಯಿಲ್ ಅನ್ನೋ ಗುರುತು) ಅಂತ ಬರೆದಿದ್ದರೆ ಆ ಡಬ್ಬಿ ವಾಪಸ್ ಇಟ್ಟುಬಿಡಿ.

ಬಿಲ್ ತಗೊಳ್ಳಿ, ಸೀಲ್ ನೋಡಿ. ನಕಲಿ ಆಯಿಲ್ ಕಾಟ ಇದೆ. ಟ್ರ್ಯಾಕಿಗೆ ಇಳಿಯೋ ಮುಂಚೆ ಬೈಕನ್ನು ನೇರ ನಿಲ್ಲಿಸಿ ಮಟ್ಟ ನೋಡಿ. ಮೇಲಿನ ಗೆರೆ ಹತ್ರ ಇರಲಿ, ದಾಟಬಾರದು. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಲ ನೋಡಿ. ಮನೆಗೆ ಬಂದು ಆಯಿಲ್ ಇಳಿಸಿದಾಗ ಡ್ರೈನ್ ನಟ್ಟಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.